ಅಜ್ಜನ ಉಯಿಲು, ಅತ್ತೆಯ ಹೋಳಿಗೆ

ನಮ್ಮ ಅಜ್ಜನ ಉಯಿಲು ಹುಡುಕಿಕೊಂಡು ನಾನು ಹೊರಟದ್ದು ಒಂದು ಸೋಮವಾರ ಬೆಳಿಗ್ಗೆ. ಮಂಗಳವಾರ ಸಂಜೆಯ ಹೊತ್ತಿಗೆ ಊರಿನ ಕಟ್ಟೆಯ ಮೇಲೆ ಹಬ್ಬಿದ್ದ ಸುದ್ದಿ ಏನೆಂದರೆ, ಒಂದು ಹಳೆಯ ಮನೆ ಮತ್ತು ಮೂರೆಕರೆ ಎರೆಹೊಲಕ್ಕಾಗಿ ನಮ್ಮ ಮನೆತನದವರು ಸುಪ್ರೀಂ ಕೋರ್ಟಿನವರೆಗೆ ಬಡಿದಾಡಿದ್ದರು ಎಂಬುದು. ಆ ಸುದ್ದಿಯ ಮೂಲ ನಾನೇ. ಹೇಗೆ ಎಂದು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ದೊಡ್ಡಪ್ಪನ ಮಗ, ಅಂದರೆ ನಮ್ಮ ಅಣ್ಣ, ಊರಿನ ಹಳೆಯ ಮನೆಯನ್ನು ಮಾರಲು ಹೊರಟಿದ್ದ. ಕೊಳ್ಳುವವರ ವಕೀಲರು ಕಾಗದಗಳನ್ನು ಒಂದೊಂದಾಗಿ ತಿರುವಿ, ಖಾತೆ ಬದಲಾವಣೆಯ ಹಳೆಯ ಕಾಗದದಲ್ಲಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಕೋರ್ಟಿನ ಪ್ರೊಬೇಟ್ ಮೇರೆಗೆ’ ಎಂದಿತ್ತು. ಅದರ ದೃಢೀಕೃತ ನಕಲು ತಂದರೆ ಮುಂದಿನ ಮಾತು, ಇಲ್ಲದಿದ್ದರೆ ಇಲ್ಲ. ಪ್ರೊಬೇಟ್ ಎಂದರೆ, ಇದು ಸತ್ತವನೇ ಬರೆಸಿದ ಉಯಿಲು ಎಂದು ಕೋರ್ಟು ಒಪ್ಪಿ, ಉಯಿಲಿನ ಪ್ರತಿಯನ್ನು ಲಗತ್ತಿಸಿ, ಮೊಹರು ಒತ್ತಿ ಕೊಡುವ ಪತ್ರ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಇದನ್ನು ಮುಂಬಯಿ, ಮದರಾಸು ನಗರಗಳಿಗೂ ಬಂಗಾಳದ ಕಡೆಗೂ ಕಡ್ಡಾಯ ಮಾಡಿತ್ತೇ ಹೊರತು ನಮ್ಮ ಸೀಮೆಗಲ್ಲ. ಆದರೂ ನಮ್ಮವರು ಮಾಡಿಸಿದ್ದರು. ಯಾಕೆ ಎಂದು ಕೇಳಿದರೆ ನಮ್ಮ ಸೋದರತ್ತೆ ಹೇಳುವುದು ಒಂದೇ ಮಾತು: ‘ಊರಿನವರ ಬಾಯಿ ಮುಚ್ಚಿಸಲು.’ ನಲವತ್ತು ವರ್ಷಗಳ ಮೇಲೆ ಅದೇ ಬಾಯಿಗಳನ್ನು ನಾನು ಮತ್ತೆ ತೆರೆಸಿದೆ, ಇರಲಿ.

ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಕಬ್ಬಿಣದ ಟ್ರಂಕಿಗೆ ಯಾರೂ ಕೈ ಹಾಕಿರಲಿಲ್ಲ. ಅಣ್ಣನೂ ನಾನೂ ಕೂತು ಬಿಚ್ಚಿದೆವು. ರೇಡಿಯೊ ಲೈಸೆನ್ಸಿನ ಪುಸ್ತಕವಿತ್ತು. ಸೈಕಲ್ ಕೊಂಡ ರಸೀದಿ ಇತ್ತು. ಸೊಸೈಟಿಯಲ್ಲಿ ಗೊಬ್ಬರ ತಂದ ಚೀಟಿಗಳನ್ನು ದಬ್ಬಣದಿಂದ ದಾರಕ್ಕೆ ಪೋಣಿಸಿ ಮಾಲೆ ಮಾಡಿದ್ದರು. ನನ್ನ ಏಳನೆಯ ತರಗತಿಯ ಅಂಕಪಟ್ಟಿಯೂ ಅಲ್ಲಿತ್ತು, ಗಣಿತದ ಅಂಕದ ಕೆಳಗೆ ಕೆಂಪು ಶಾಯಿಯ ಗೀರು ಎಳೆದಿತ್ತು. ಅದನ್ನು ಅವರು ಯಾವ ಉದ್ದೇಶಕ್ಕೆ ಜೋಪಾನ ಮಾಡಿದ್ದರೋ ದೇವರೇ ಬಲ್ಲ. ಪ್ರೊಬೇಟ್ ಮಾತ್ರ ಇರಲಿಲ್ಲ.

‘ನೀನು ನಿವೃತ್ತನಾಗಿದ್ದೀಯಲ್ಲ, ಹುಡುಕು’ ಎಂದ ಅಣ್ಣ. ನಿವೃತ್ತ ಮೇಷ್ಟ್ರು ಎಂದರೆ ಮನೆಯವರೆಲ್ಲರ ಪಾಲಿಗೆ ಬಾಡಿಗೆಯಿಲ್ಲದ ಎತ್ತು.

ನಾನು ಮೊದಲು ಹೋದದ್ದು ಸಬ್ ರಿಜಿಸ್ಟ್ರಾರ್ ಕಚೇರಿಗೆ, ಅದೂ ಋಣಭಾರ ಪತ್ರ ತೆಗೆಸಿದರೆ ಉಯಿಲು ತಾನಾಗಿ ಕಾಣಿಸಿಕೊಳ್ಳುತ್ತದೆ ಎಂಬ ಭಂಡ ಧೈರ್ಯದಲ್ಲಿ. ಕಾಣಿಸುವುದಿಲ್ಲ. ಕ್ರಯ, ದಾನ, ಅಡಮಾನಗಳೆಲ್ಲ ಒಂದನೆಯ ಪುಸ್ತಕದವು, ಉಯಿಲು ನೋಂದಣಿಯಾಗಿದ್ದರೆ ಅದು ಮೂರನೆಯ ಪುಸ್ತಕದ್ದು. ಬರೆದವರು ಬದುಕಿರುವ ತನಕ ಅದರ ನಕಲನ್ನು ಅವರಿಗೆ ಅಥವಾ ಅವರ ಪ್ರತಿನಿಧಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಸತ್ತ ಮೇಲೆ ಯಾರು ಅರ್ಜಿ ಹಾಕಿದರೂ ಕೊಡುತ್ತಾರೆ. ಸತ್ತದ್ದಕ್ಕೆ ಪುರಾವೆ ಬೇಕು. ನನ್ನ ಬಳಿ ಇರಲಿಲ್ಲ.

‘ಮರಣ ಪ್ರಮಾಣಪತ್ರ ತಂದಿಲ್ಲವೇ?’ ಎಂದರು ಅಲ್ಲಿನವರು.

‘ಬದುಕಿದ್ದರೆ ಅವರಿಗೀಗ ನೂರಾ ಹದಿಮೂರು ವರ್ಷ’ ಎಂದೆ.

‘ಹಾಗಾದರೆ ಅವರನ್ನೇ ಕರೆದುಕೊಂಡು ಬನ್ನಿ, ಸನ್ಮಾನ ಮಾಡೋಣ’ ಎಂದರು. ತಪ್ಪು ನನ್ನದೇ ಆದ್ದರಿಂದ ನಾನೂ ನಕ್ಕೆ. ಪ್ರಮಾಣಪತ್ರ ಹಿಡಿದು ಮತ್ತೆ ಹೋದಾಗ ತಿಳಿದದ್ದು, ಅಜ್ಜ ಉಯಿಲನ್ನು ನೋಂದಣಿ ಮಾಡಿಸಿಯೇ ಇರಲಿಲ್ಲ. ಮಾಡಿಸಲೇಬೇಕೆಂಬ ಕಾನೂನೂ ಇಲ್ಲ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ಅಂದಮೇಲೆ ಉಳಿದದ್ದು ಕೋರ್ಟು.

ಯಾವ ಕೋರ್ಟು? ಇಲ್ಲಿ ನಮ್ಮ ಭೂಗೋಳ ಅಡ್ಡ ಬಂತು. ನಮ್ಮೂರು ಹರಪನಹಳ್ಳಿ ತಾಲ್ಲೂಕಿನದು. ಅಜ್ಜ ಹುಟ್ಟಿದಾಗ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾದಾಗ ನಮ್ಮ ತಾಲ್ಲೂಕನ್ನು ಅದಕ್ಕೆ ಕೊಟ್ಟರು. 2018ರಲ್ಲಿ ಮರಳಿ ಬಳ್ಳಾರಿಗೆ ಕಳಿಸಿದರು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು, ನಾವು ಅದರೊಳಗೆ ಸೇರಿದೆವು. ಅಜ್ಜನ ಹೊಲದ ಬದು ಒಂದು ಗೇಣೂ ಸರಿದಿಲ್ಲ, ಸುತ್ತಲಿನ ಜಿಲ್ಲೆಗಳು ಮಾತ್ರ ಸಂತೆಗೆ ಬಂದವರಂತೆ ಬಂದು ಹೋಗುತ್ತಿವೆ.

ನಾನಿರುವುದು ದಾವಣಗೆರೆಯಲ್ಲಿ. ಹತ್ತಿರವಿದೆಯಲ್ಲ ಎಂಬ ಒಂದೇ ಕಾರಣಕ್ಕೆ, ಬೆಣ್ಣೆದೋಸೆ ತಿಂದು, ಇಲ್ಲಿನ ಕೋರ್ಟಿಗೇ ಹೋದೆ. ಹೊರಗೆ ಮರದ ನೆರಳಲ್ಲಿ ಟೈಪ್‌ರೈಟರ್ ಮುಂದೆ ಕೂತಿದ್ದ ವಕೀಲರ ಗುಮಾಸ್ತರೊಬ್ಬರು ನನ್ನ ಕಥೆಯನ್ನು ಪೂರ್ತಿ ಕೇಳಿ, ‘ಜಿಲ್ಲೆಯ ಗಡಿ ಬದಲಾಯಿತೆಂದು ಮುಗಿದುಹೋದ ಕೇಸಿನ ಕಡತ ಗಾಡಿ ಹತ್ತುತ್ತದೆಯೇ ಯಜಮಾನರೇ? ತೀರ್ಪಾದ ಕಾಲದಲ್ಲಿ ಯಾವ ಜಿಲ್ಲೆಯಿತ್ತೋ ಅಲ್ಲಿಂದ ಹುಡುಕಲು ಶುರು ಮಾಡಿ. ಬಳ್ಳಾರಿಗೆ ಹೋಗಿ, ಪಿ ಅಂಡ್ ಎಸ್‌ಸಿ ಎಂದು ಕೇಳಿ’ ಎಂದರು. ಚೀಟಿಯಲ್ಲಿ ಬರೆದೂ ಕೊಟ್ಟರು.

ಎಸ್‌ಸಿ ಎಂದರೆ ಸುಪ್ರೀಂ ಕೋರ್ಟ್ ಎಂದು ನಾನು ತಿಳಿದೆ. ಅಜ್ಜನ ಕೇಸು ಅಲ್ಲಿಯವರೆಗೆ ಹೋದದ್ದು ಗೊತ್ತೇ ಇರಲಿಲ್ಲವಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಕೂಡಲೇ ಅತ್ತೆಗೆ ಫೋನ್ ಮಾಡಿದೆ. ಎಂಬತ್ತನಾಲ್ಕರ ಅತ್ತೆ ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುತ್ತಾರೆ, ಜಗಲಿಯ ಮೇಲೆ ಕೂತು. ಉಳಿದದ್ದನ್ನು ಮೇಲೆಯೇ ಹೇಳಿದ್ದೇನೆ. ಪಿ ಎಂದರೆ ಪ್ರೊಬೇಟ್, ಎಸ್‌ಸಿ ಎಂದರೆ ಸಕ್ಸೆಷನ್ ಸರ್ಟಿಫಿಕೇಟ್, ಉಯಿಲು ಮತ್ತು ವಾರಸುದಾರಿಕೆಯ ಕೇಸುಗಳಿಗೆ ಕೋರ್ಟು ಇಟ್ಟುಕೊಂಡ ಅಡ್ಡಹೆಸರು ಅಷ್ಟೇ ಎಂಬುದು ತಿಳಿಯುವ ಹೊತ್ತಿಗೆ ಉಯಿಲು ಹೋಗಿ ಹುಯಿಲು ಆಗಿತ್ತು. ಈಗಲೂ ಊರಿಗೆ ಹೋದರೆ ಒಬ್ಬಿಬ್ಬರು, ‘ದೆಹಲಿಯದು ಏನಾಯಿತು?’ ಎಂದು ಕೇಳುತ್ತಾರೆ.

ಬಳ್ಳಾರಿಗೆ ಹೋಗುವ ಮೊದಲು ಕೇಸಿನ ನಂಬರು ಮತ್ತು ಇಸವಿ ಹಿಡಿದುಕೊಳ್ಳಬೇಕು ಎಂದಿದ್ದರು ಗುಮಾಸ್ತರು. ಕೋರ್ಟಿನಲ್ಲಿ ಎಲ್ಲವೂ ಇರುತ್ತದೆ, ಆದರೆ ನಂಬರು, ಇಸವಿಯ ಕೆಳಗೆ ಇರುತ್ತದೆ. ನಮ್ಮ ಮನೆಯವರಿಗೂ ಎಲ್ಲವೂ ಗೊತ್ತಿದೆ, ನಂಬರು, ಇಸವಿ ಬಿಟ್ಟು.

‘ಇಸವಿ ಎಲ್ಲಿ ನೆನಪಿರುತ್ತದಪ್ಪಾ’ ಎಂದರು ಅತ್ತೆ. ‘ನಿಮ್ಮ ದೊಡ್ಡಪ್ಪ ಬಳ್ಳಾರಿಯಿಂದ ಬಂದು ಕೋರ್ಟಿನದು ಮುಗಿಯಿತು ಎಂದ. ನಾನು ಬೆಳಿಗ್ಗೆಯೇ ಶೇಂಗಾ ಹೋಳಿಗೆ ಮಾಡಿಟ್ಟಿದ್ದೆ. ಎಲೆ ಹಾಕಬೇಕು ಎನ್ನುವಷ್ಟರಲ್ಲಿ ರೇಡಿಯೊದಲ್ಲಿ ಇಂದಿರಾ ಗಾಂಧಿ ಹೋದ ಸುದ್ದಿ. ಹೋಳಿಗೆ ತಿನ್ನಬೇಕೋ ಬಿಡಬೇಕೋ ಯಾರಿಗೂ ತಿಳಿಯಲಿಲ್ಲ. ನಿಮ್ಮಪ್ಪ ಮಾತ್ರ ಹಿತ್ತಲಿಗೆ ಹೋಗಿ ಎರಡು ತಿಂದು ಬಂದ.’

ಇಷ್ಟು ಸ್ಪಷ್ಟವಾದ ದಿನಾಂಕ ನನ್ನ ಸರ್ವಿಸ್ ರಿಜಿಸ್ಟರಿನಲ್ಲೂ ಇಲ್ಲ. 1984ರ ಅಕ್ಟೋಬರ್ 31, ಬುಧವಾರ. ಇನ್ನೇನು ಬೇಕು ಎಂದು ಇ-ಕೋರ್ಟ್ಸ್ ಜಾಲತಾಣ ತೆರೆದು ಕೂತೆ. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿ, ಪಕ್ಷಗಾರರ ಹೆಸರು ಮತ್ತು ಇಸವಿ ತುಂಬಿ, ಚಿತ್ರದಲ್ಲಿ ಓರೆಕೋರೆಯಾಗಿ ನಿಂತ ಅಕ್ಷರಗಳನ್ನು ಬಿಡಿಸಿ ಬರೆಯಬೇಕು. ಅಜ್ಜನ ಹೆಸರು ‘ಬಸವ’ದಿಂದ ಶುರುವಾಗುತ್ತದೆ. ನಮ್ಮ ಸೀಮೆಯ ಯಾವ ಸಂತೆಯಲ್ಲಿ ನಿಂತು ‘ಬಸಣ್ಣಾ’ ಎಂದು ಕೂಗಿದರೂ ಅರ್ಧ ಸಂತೆ ತಿರುಗಿ ನೋಡುತ್ತದೆ. ಇಂಗ್ಲಿಷಿನಲ್ಲಿ ಅದನ್ನು ವಿ ಹಾಕಿ ಬರೆಯುವವರಿದ್ದಾರೆ, ಡಬ್ಲ್ಯೂ ಹಾಕುವವರಿದ್ದಾರೆ, ಎಸ್ ಎರಡು ಹಾಕಿ ಬಸವನನ್ನು ಗಟ್ಟಿ ಮಾಡುವವರೂ ಇದ್ದಾರೆ. ಎರಡು ಸಂಜೆ ಎಲ್ಲ ಬಗೆಯಲ್ಲೂ ಹುಡುಕಿದ ಮೇಲೆ ನನ್ನ ಮಗಳು ಹಿಂದಿನಿಂದ ಬಗ್ಗಿ ನೋಡಿ, ‘ಅಪ್ಪಾ, ಬಾಕಿ ಇರುವ ಕೇಸುಗಳಲ್ಲಿ ಹುಡುಕುತ್ತಿದ್ದೀರಿ’ ಎಂದಳು. ಇತ್ಯರ್ಥವಾದವು ಎಂಬುದಕ್ಕೆ ಚುಕ್ಕೆ ಬದಲಿಸಿದೆವು. ಅಲ್ಲೂ ಅಜ್ಜ ಸಿಗಲಿಲ್ಲ.

ಅಳಿಯ ಸುಮ್ಮನಿರಲಿಲ್ಲ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿದರೆ ಮನೆಗೇ ಬರುತ್ತದೆ ಎಂದು ಅರ್ಜಿ ಹಾಕಿಸಿದ. ಕೋರ್ಟಿನ ಕಡತಗಳ ನಕಲಿಗೆ ಕೋರ್ಟಿನದೇ ನಿಯಮಗಳಿವೆ, ಅದರಂತೆ ಅರ್ಜಿ ಹಾಕಿ ಎಂಬ ಉತ್ತರ ಮನೆಗೇ ಬಂತು. 2020ರಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆಯಂತೆ. ಅಂತೂ ನಮ್ಮ ವಿಷಯದಲ್ಲಿ ದೆಹಲಿಯ ಹೆಸರು ಬಂದದ್ದು ಪೂರ್ತಿ ಸುಳ್ಳಾಗಲಿಲ್ಲ.

ಬಳ್ಳಾರಿಗೆ ಬಸ್ಸಿನಲ್ಲಿ ಹೋಗಿ ಇಳಿದು, ಒಗ್ಗರಣೆ ಮಿರ್ಚಿ ತಿಂದು, ಬೆವರು ಒರೆಸಿಕೊಳ್ಳುತ್ತ ಕೋರ್ಟು ಸೇರಿದೆ. ಹುಡುಕಾಟಕ್ಕೊಂದು ಅರ್ಜಿ, ಅದಕ್ಕೆ ಕೋರ್ಟ್ ಫೀ ಸ್ಟಾಂಪು, ನಾನು ಮೊಮ್ಮಗನೇ ಎಂಬುದಕ್ಕೆ ವಂಶವೃಕ್ಷ, ಆಧಾರ್. ಇವಿಷ್ಟೂ ಈ ಸಲ ನನ್ನ ಕೈಯಲ್ಲಿದ್ದವು, ಅಷ್ಟರ ಮಟ್ಟಿಗೆ ಪಾಠ ಕಲಿತಿದ್ದೆ. ದಾಖಲೆ ಕೊಠಡಿಯ ಸಿಬ್ಬಂದಿ ನನ್ನ ಮಗಳ ವಯಸ್ಸಿನ ಹುಡುಗಿ. 1984ರ ರಿಜಿಸ್ಟರು ಇಳಿಸಿದಳು. ಅಂಚು ಜಿರಳೆ ತಿಂದು ಹಲ್ಲುಹಲ್ಲಾಗಿದ್ದ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿದ ಉದ್ದನೆಯ ಪುಸ್ತಕ. ಪಿ ಅಂಡ್ ಎಸ್‌ಸಿ ಕೇಸುಗಳ ಪುಟ ತೆಗೆದು ಅರ್ಜಿದಾರರ ಹೆಸರುಗಳನ್ನು ಓದುತ್ತ ಹೋದಳು. ಒಬ್ಬರೂ ನಮ್ಮವರಲ್ಲ.

‘ತೀರ್ಪಾದ ಇಸವಿಯಲ್ಲಿ ಸಿಗುವುದಿಲ್ಲ ಸರ್. ಕೇಸಿನ ನಂಬರಿಗೆ ಅಂಟುವುದು ದಾಖಲಾದ ಇಸವಿ’ ಎಂದಳು. ನಲವತ್ತು ವರ್ಷ ಮಕ್ಕಳಿಗೆ ಪ್ರಶ್ನೆಯನ್ನು ಸರಿಯಾಗಿ ಓದಿ ಎಂದು ಹೇಳಿದ ನಾನು ತಲೆಯಾಡಿಸಿದೆ. 1983 ಇಳಿಯಿತು, ಇಲ್ಲ. 1982 ಇಳಿಯಿತು, ಅದರಲ್ಲೂ ದೊಡ್ಡಪ್ಪನ ಹೆಸರಿಲ್ಲ, ಅಜ್ಜನ ಹೆಸರಿಲ್ಲ. ಅವಳು ಪುಸ್ತಕ ಮುಚ್ಚುವುದರಲ್ಲಿದ್ದಳು. ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು, ಹೊರಡುವ ಮೊದಲು ಸುಮ್ಮನೆ ಅತ್ತೆಯ ಹೋಳಿಗೆಯ ಕಥೆ ಹೇಳಿದೆ.

ಅವಳು ಪುಸ್ತಕವನ್ನು ಮತ್ತೆ ತೆರೆದಳು. ಈ ಸಲ ಹೆಸರಿನ ಕಲಮಿಗೆ ಹೋಗದೆ, ಬಲಗಡೆಯ ಕೊನೆಯಲ್ಲಿದ್ದ ಇತ್ಯರ್ಥದ ತಾರೀಖುಗಳ ಮೇಲೆ ಬೆರಳು ಜಾರಿಸುತ್ತ ಇಳಿದಳು. ಪುಟದ ಕೆಳಗಿನಿಂದ ನಾಲ್ಕನೆಯ ಸಾಲಿನಲ್ಲಿ ಬೆರಳು ನಿಂತಿತು: 31-10-1984.

ಎದುರಿಗಿದ್ದ ಅರ್ಜಿದಾರರ ಹೆಸರು ನನಗೆ ಗುರುತೇ ಇಲ್ಲದ್ದು. ಅಲ್ಲಿಂದಲೇ ಅತ್ತೆಗೆ ಫೋನ್ ಹಚ್ಚಿದೆ. ‘ಅವರೇ? ಶೇಂಗಾ ದಲ್ಲಾಳಿ ಅಲ್ಲವೇ’ ಎಂದರು. ಪ್ರೊಬೇಟ್ ಕೇಳುವ ಅಧಿಕಾರ ಉಯಿಲಿನಲ್ಲಿ ನೇಮಿಸಿದ ನಿರ್ವಾಹಕನಿಗೆ ಮಾತ್ರ. ಕೇಸು ದಾಖಲಾಗುವುದು ಅವನ ಹೆಸರಿನಲ್ಲಿ, ಸತ್ತವರ ಹೆಸರಿನಲ್ಲಲ್ಲ. ಅಜ್ಜನಿಗೆ ಇಬ್ಬರು ಗಂಡುಮಕ್ಕಳಿದ್ದರು, ಮೂರು ಅಳಿಯಂದಿರಿದ್ದರು. ಇಷ್ಟು ಜನರನ್ನು ಅಳೆದು ತೂಗಿ, ತಕ್ಕಡಿ ಹಿಡಿಯುವ ದಲ್ಲಾಳಿಯನ್ನು ನಂಬಿದ್ದ. ‘ಪ್ರೊಬೇಟ್ ಮಾಡಿಸಿದ್ದು ನಾನೇ’ ಎಂದು ದೊಡ್ಡಪ್ಪ ಬದುಕಿರುವ ತನಕ ಮೀಸೆ ತಿರುವುತ್ತಿದ್ದರು. ಅವರು ಅಲ್ಲಿಗೆ ಹೋಗಿದ್ದು ತಕರಾರಿಲ್ಲ ಎಂದು ಹೇಳಿಕೆ ಕೊಡಲು.

ನಂಬರು ಸಿಕ್ಕ ಮೇಲೆ ಉಳಿದದ್ದು ನಕಲು ಅರ್ಜಿ. ಅದಕ್ಕೂ ಒಂದು ನಂಬರು, ಇಸವಿ ಕೊಟ್ಟರು. ಮೂಲ ಉಯಿಲು ಕೋರ್ಟಿನಲ್ಲೇ ಇದೆ ಎಂದು ತಿಳಿದು ನನಗೆ ಆಶ್ಚರ್ಯವಾಯಿತು. ಆ ಹುಡುಗಿಯೇ ವಿವರಿಸಿದಳು. ಪ್ರೊಬೇಟ್ ಆದ ಮೂಲ ಉಯಿಲನ್ನು ಕೋರ್ಟು ತನ್ನಲ್ಲೇ ಇರಿಸಿಕೊಳ್ಳಬೇಕು ಎಂದು ಕಾಯ್ದೆಯ 294ನೆಯ ಕಲಂ ಹೇಳುತ್ತದೆ. ಎಲ್ಲಿಯ ತನಕ? ಉಯಿಲುಗಳಿಗೆಂದೇ ಒಂದು ಸಾರ್ವಜನಿಕ ನೋಂದಣಾಲಯ ಸ್ಥಾಪನೆಯಾಗುವ ತನಕ. 1925ರ ಮಾತು ಇದು. ನಮ್ಮ ಮನೆಯ ಅಟ್ಟದ ಮೇಲೆ ‘ಸದ್ಯಕ್ಕೆ ಇರಲಿ’ ಎಂದು ಇಟ್ಟ ತೊಟ್ಟಿಲು ನನಗೆ ನೆನಪಾಯಿತು, ಅದರಲ್ಲಿ ಮಲಗಿದ ಕೊನೆಯ ಮಗು ನಾನು.

ಎರಡನೆಯ ಸಲ ಬಳ್ಳಾರಿಗೆ ಹೋದಾಗ ನಕಲು ಕೈಗೆ ಬಂತು, ಪುಟಪುಟಕ್ಕೂ ಮೊಹರು. ನೇರವಾಗಿ ಊರಿಗೆ ಒಯ್ದೆ. ಅತ್ತೆಯ ಜಗಲಿಯ ಮೇಲೆ ಎಲ್ಲರೂ ಸೇರಿದರು, ಅಣ್ಣ ಗಟ್ಟಿಯಾಗಿ ಓದಿದ. ‘ನಾನು ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ’ ಎಂದು ಶುರುವಾಗಿ, ಮನೆ ಹಿರಿಯವನಿಗೆ, ಎರೆಹೊಲ ಕಿರಿಯವನಿಗೆ, ಹಿತ್ತಾಳೆಯ ಹಂಡೆ ಮಗಳಿಗೆ ಎಂದು ಸಾಗಿ, ಕೊನೆಯ ಪುಟದಲ್ಲಿ ಹೀಗಿತ್ತು: ‘ಕಿರಿಯ ಮಗನು ನನ್ನಲ್ಲಿ 300 ರೂಪಾಯಿ ಕೈಗಡ ತೆಗೆದುಕೊಂಡಿದ್ದು, ಸದರಿ ಹಣವನ್ನು ಹಿರಿಯ ಮಗನಿಗೆ ಸಲ್ಲಿಸತಕ್ಕದ್ದು.’

ಕಿರಿಯ ಮಗ ಎಂದರೆ ನಮ್ಮಪ್ಪ. ಅಣ್ಣ ಕಾಗದ ಮಡಿಸಿ ಪಕ್ಕಕ್ಕಿಟ್ಟು, ಜೇಬಿನಿಂದ ಮೊಬೈಲ್ ತೆಗೆದು, ಕ್ಯಾಲ್ಕುಲೇಟರ್ ಒತ್ತಿ, ‘ಸರಳ ಬಡ್ಡಿಯೋ, ಚಕ್ರಬಡ್ಡಿಯೋ?’ ಎಂದು ನನ್ನನ್ನು ಕೇಳಿದ.

‘ಅವನು ಯಾವತ್ತೋ ಕೊಟ್ಟಿದ್ದಾನೆ’ ಎಂದರು ಅತ್ತೆ. ‘ನನ್ನ ಎದುರಿಗೇ ಎಣಿಸಿ ಕೊಟ್ಟ. ಅವತ್ತು ಗೋಧಿ ಹುಗ್ಗಿ ಮಾಡಿದ್ದೆ, ತಳ ಹತ್ತಿತ್ತು.’

ಅಣ್ಣ ತಲೆಯೆತ್ತಿದ. ‘ಯಾವ ಇಸವಿ?’