ಒಂದು ಫ್ಲ್ಯಾಶ್ ಚಿಪ್ಪಿಗೆ ಇಷ್ಟು ಗೋಳಾ

ಅಲ್ಲ ಗುರು, ಬೋರ್ಡ್ ಮಾಡೋರು ಹೇಳದೆ ಕೇಳದೆ ಫ್ಲ್ಯಾಶ್ ಚಿಪ್, ಅಂದ್ರೆ ಸಾಫ್ಟ್‌ವೇರ್ ಇಡೋ ಮೆಮೊರಿ ಚಿಪ್, ಬದಲಾಯಿಸಿಬಿಡ್ತಾರಲ್ಲ, ಅವ್ರಿಗೇನು, ಕಾಲು 8, ಸೈಜೂ ಅದೇ ಅಂತ ಕೂರಿಸಿ ಕಳಿಸ್ತಾರೆ, ಇಲ್ಲಿ ಎಲೆಕ್ಟ್ರಾನಿಕ್ ಸಿಟೀಲಿ ಕೂತು ತಲೆ ಚಚ್ಚಿಕೊಳ್ಳೋದು ನಾವು. ನಮ್ದು ಹಳೇ ಲಿನಕ್ಸ್ ಕರ್ನಲ್ಲು (ಸಿಸ್ಟಮ್ಮಿನ ತಿರುಳು), ಅದ್ರ ಎಸ್‌ಪಿಐ ನಾರ್ ಟೇಬಲ್ಲಲ್ಲಿ, ಅಂದ್ರೆ ಈ ಥರದ ಫ್ಲ್ಯಾಶ್ ಚಿಪ್ಪುಗಳ ಪಟ್ಟೀಲಿ, ಈ ಚಿಪ್ಪಿನ ಗುರುತಿನ ನಂಬರ್ ಜೆಡೆಕ್ ಐಡಿನೇ ಇಲ್ಲ, ಬೋರ್ಡಿನ ಮೆಸೇಜ್ ತೋರ್ಸೋ ಸೀರಿಯಲ್ ಕನ್ಸೋಲಲ್ಲಿ ಗುರುತು ಸಿಗ್ಲಿಲ್ಲ ಅಂತ ಒಂದು ಲೈನ್ ಉಗಿದು ಮುಂದಕ್ಕೆ ಹೋಗತ್ತೆ ಅಷ್ಟೆ.

ಇನ್ನು ಕರ್ನಲ್ಲಲ್ಲಿ ಏನೇನಿರ್ಬೇಕು ಅಂತ ಆರಿಸೋ ಮೆನುಕಾನ್ಫಿಗ್ ಕಥೆ ಬೇರೆ. ಬೇಕಾದ ಆಪ್ಷನ್ ಕಾಣೋದೇ ಇಲ್ಲ, ಯಾಕಂದ್ರೆ ಅದಕ್ಕೆ ಬೇಕಾಗಿರೋ ಇನ್ನೊಂದು ಎಲ್ಲೋ ಆಫ್ ಇರತ್ತೆ, ಸ್ಲ್ಯಾಶ್ ಒತ್ತಿ ಹುಡುಕ್ಕೊಂಡು ಬುಡ ಹಿಡೀಬೇಕು. ಯಾರೋ ಪುಣ್ಯಾತ್ಮರು ಫ್ಲ್ಯಾಶ್ ಓದೋ ಎಂಟಿಡಿ ಡ್ರೈವರನ್ನೇ ಕರ್ನಲ್ಲಿಂದ ಆಚೆ ಬೇರೆ ಫೈಲಾಗಿ, ಅಂದ್ರೆ ಮಾಡ್ಯೂಲ್ ಮಾಡಿಟ್ಟಿದಾರೆ, ಆ ಮಾಡ್ಯೂಲೂ ಸೇರಿ ಸಿಸ್ಟಮ್ಮಿನ ಫೈಲೆಲ್ಲಾ ಇರೋ ರೂಟ್ ಫೈಲ್‌ಸಿಸ್ಟಮ್ ಇರೋದೇ ಆ ಫ್ಲ್ಯಾಶಲ್ಲಿ, ಬೂಟಾಗುವಾಗ ಮೆಮೊರೀಲಿ ತಾತ್ಕಾಲಿಕವಾಗಿ ಸಿಗೋ ಫೈಲ್ ಕಟ್ಟು ಇನಿಟ್‌ರಾಮ್‌ಎಫ್‌ಎಸ್ಸೂ ಇಲ್ಲ, ಬೀಗದಕೈ ಮನೆಯೊಳಗೇ ಬಿಟ್ಟು ಬಾಗಿಲು ಎಳ್ಕೊಂಡಂಗೆ. ಕರ್ನಲ್ ಪ್ಯಾನಿಕ್, ಎಲ್ಲಾ ಅಲ್ಲಿಗೇ ನಿಂತುಹೋಗತ್ತೆ!

ಇನ್ನೊಂದು ಥರದ ಫ್ಲ್ಯಾಶ್ ನ್ಯಾಂಡ್ ಆದ್ರಂತೂ ಕೇಳ್ಲೇಬೇಡಿ, ಕರ್ನಲ್ಲನ್ನ ಎಬ್ಬಿಸೋ ಬೂಟ್‌ಲೋಡರ್ರದ್ದು ಒಂದು ಇಸಿಸಿ (ತಪ್ಪು ತಿದ್ದೋ) ಲೆಕ್ಕ, ಕರ್ನಲ್ಲಿಂದು ಇನ್ನೊಂದು, ಬರ್ದಿದ್ದು ಸರಿ ಇದ್ರೂ ಓದುವಾಗ ಪೇಜ್ ಪೇಜಿಗೂ ಎರರ್ರು. ಇಷ್ಟರ ಮಧ್ಯೆ ಮ್ಯಾನೇಜರ್ ಬಂದು, "ಚಿಪ್ಪೇ ಹೋಗಿರ್ಬೇಕು ಕಣ್ರೀ, ಎಸ್‌ಪಿ ರೋಡಲ್ಲಿ ಬೇರೆ ಸಿಗಲ್ವಾ?" ಅಂತಾರೆ.