ಬೀಫ್ ಅಪ್ ಮಾಡಿ ಕಳಿಸಿ

ನಿನ್ನೆ ಸಂಜೆ ಬ್ಯಾಗು ಹೆಗಲಿಗೇರಿಸಿದ್ದೇ ತಡ, ಮ್ಯಾನೇಜರ್ ಮೆಸೇಜು ಬಂತು. "ರಿಪೋರ್ಟ್ ತುಂಬಾ ತೆಳುವಾಯ್ತು. ಸ್ವಲ್ಪ ಬೀಫ್ ಅಪ್ ಮಾಡಿ ಕಳಿಸಿ." ಹೇಳಬೇಕಾದ್ದೆಲ್ಲ ಎರಡೇ ಪುಟದಲ್ಲಿ ಮುಗಿದಿತ್ತು. ಆದರೆ ಎರಡು ಪುಟ ಕೊಟ್ಟರೆ ಕೆಲಸ ಮಾಡಿದ ಹಾಗೆ ಕಾಣಲ್ಲ, ಅಲ್ವಾ?

ಈ ಮನುಷ್ಯ ಅಪ್ಪಟ ಸಸ್ಯಾಹಾರಿ. ಸಾಂಬಾರಿಗೆ ಬೆಳ್ಳುಳ್ಳಿ ಬಿದ್ದಿದೆಯಾ ಎಂದು ಕ್ಯಾಂಟೀನ್ ಹುಡುಗನನ್ನು ದಿನಾ ವಿಚಾರಣೆ ಮಾಡುತ್ತಾರೆ. ಎಗ್ ಪಫ್ಸ್ ತಿನ್ನುವವರ ಪಕ್ಕ ಕೂರುವುದಿಲ್ಲ. ಮೀಟಿಂಗ್ ರೂಮಿಗೆ ಹೋದರೆ ಮಾತ್ರ ಬಾಯಿ ತುಂಬಾ ಮಾಂಸ. ಪ್ಲಾನು ಬಡಕಲಾಗಿದ್ದರೆ ಫ್ಲೆಶ್ ಔಟ್ ಮಾಡಬೇಕು, ಟೀಮು ಸೊರಗಿದ್ದರೆ ಬೀಫ್ ಅಪ್ ಆಗಬೇಕು. ಒಮ್ಮೆ ಏಕಾದಶಿ ಉಪವಾಸದಲ್ಲಿ ಬರೀ ನೀರು ಕುಡಿಯುತ್ತಾ, ಸ್ಲೈಡಿಗೆ ಬೆರಳು ತೋರಿಸಿ "ಇದರಲ್ಲಿ ಮೀಟ್ ಎಲ್ಲಿದೆ?" ಎಂದು ಕೇಳಿದರು. ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಆ ವರ್ಷದ ಅಪ್ರೈಸಲ್ ಅಲ್ಲೇ ಮುಗಿಯುತ್ತಿತ್ತು.

ಪಾಪ, ಅವರೊಬ್ಬರನ್ನೇ ಬೈದು ಏನು ಪ್ರಯೋಜನ, ಇಂಗ್ಲಿಷೇ ಹಾಗಿದೆ. ಹಿಂದೆ ಇಂಗ್ಲಿಷಿನವರಿಗೆ ದಪ್ಪ ಮಾಡುವುದಕ್ಕೂ ಫ್ಯಾಟ್ ಪದವೇ ಸಾಕಿತ್ತು. 1611ರ ಬೈಬಲಿನಲ್ಲಿ ಮನೆಗೆ ಮರಳಿದ ಮಗನಿಗಾಗಿ ಕಡಿಯುವುದು 'ಫ್ಯಾಟೆಡ್' ಕರುವನ್ನು. ಈಗ ಎಲ್ಲರೂ ಫ್ಯಾಟನ್ ಅನ್ನುತ್ತಾರೆ. ಸ್ಪೆಲ್ಲಿಂಗ್ ನೋಡಿ: ಇದ್ದ ಒಂದು ಟಿ ಎರಡಾಗಿ, ಹಿಂದೆ ಬಾಲ ಬೆಳೆದು, ಮೂರಕ್ಷರ ಆರಾಗಿದೆ. ದಪ್ಪ ಮಾಡುವ ಪದ ಮೊದಲು ತಾನೇ ದಪ್ಪಗಾಗಿದೆ! ತೆಳ್ಳಗೆ ಮಾಡುವ ಥಿನ್ ಮಾತ್ರ ಇದ್ದ ಹಾಗೇ ಇದೆ. ಹಂದಿ, ಹೆಬ್ಬಾತು, ಲಾಭ, ಪರ್ಸು ಎಲ್ಲವನ್ನೂ ಫ್ಯಾಟನ್ ಮಾಡಬಹುದಂತೆ. ಸಂಬಳದ ವಿಷಯದಲ್ಲಿ ಈ ಪದ ನಮ್ಮ ಆಫೀಸಿಗೆ ಇನ್ನೂ ಕಾಲಿಟ್ಟಿಲ್ಲ.

ನಮ್ಮ ಕಡೆ ಕೊಬ್ಬಿಸುವುದು ಕುರಿಯನ್ನು. ಮನುಷ್ಯರಿಗೆ ಕೊಬ್ಬು ಜಾಸ್ತಿ ಅಂದರೆ ಜಗಳವೇ. ಅಜ್ಜಿ ಮಾತ್ರ ತಟ್ಟೆಗೆ ತುಪ್ಪ ಸುರಿಯುತ್ತಾ "ಸ್ವಲ್ಪ ಮೈಕೈ ತುಂಬ್ಕೊಳ್ಳೋ" ಅನ್ನುತ್ತಿದ್ದರು. ಸಾಕು ಅಂದರೂ ಕೈ ನಿಲ್ಲುತ್ತಿರಲಿಲ್ಲ. ಈಗ ಹಾಗೆ ಬಲವಂತ ಮಾಡುವವರು ಇಲ್ಲ, ತುಪ್ಪ ಬಿಡಿ ಅನ್ನುವ ಡಾಕ್ಟರು ಇದ್ದಾರೆ.

ಇರಲಿ. ರಾತ್ರಿ ಕೂತು ಪೈ ಚಾರ್ಟು, ಯಾರೂ ಕೇಳದ ಹಿನ್ನೆಲೆ, ಅದಕ್ಕೊಂದು ಪೀಠಿಕೆ ಎಲ್ಲ ತುರುಕಿದೆ. ಅಕ್ಷರವನ್ನೂ ದೊಡ್ಡದು ಮಾಡಿದೆ. ಬೆಳಿಗ್ಗೆ ಮ್ಯಾನೇಜರ್ ಪ್ರಿಂಟನ್ನು ಕೈಯಲ್ಲಿ ತೂಗಿ ನೋಡಿ, ಒಂದು ಪುಟವನ್ನೂ ತಿರುಗಿಸದೆ "ಹಾಂ, ಈಗ ಸರಿಯಾಯ್ತು" ಎಂದರು. ಸ್ಟೇಪ್ಲರ್ ಪಿನ್ನು ಮಾತ್ರ ಎಷ್ಟು ಗುದ್ದಿದರೂ ಆಚೆ ಬದಿಗೆ ಬರಲಿಲ್ಲ.