ಬೇಳೆ ಬೇಯದ ನೀರು

ಕಳೆದ ಭಾನುವಾರ ನೀರು ಶುದ್ಧ ಮಾಡುವ ಯಂತ್ರ ಮಾರುವ ಹುಡುಗನೊಬ್ಬ ನಮ್ಮ ಅಡುಗೆಮನೆಯಲ್ಲಿ ಸಣ್ಣದೊಂದು ಜಾದೂ ಮಾಡಿದ. ಒಂದು ಲೋಟದಲ್ಲಿ ನಮ್ಮ ನಲ್ಲಿಯ ನೀರು, ಇನ್ನೊಂದರಲ್ಲಿ ಅವನೇ ತಂದ, ಯಂತ್ರದಲ್ಲಿ ಲವಣ ತೆಗೆದ ಆರ್‌ಒ ನೀರು. ಎರಡಕ್ಕೂ ಕಂಬಿ ಇಳಿಬಿಟ್ಟು ಕರೆಂಟು ಕೊಟ್ಟ. ನೋಡನೋಡುತ್ತಲೇ ನಮ್ಮ ಲೋಟ ಚರಂಡಿಯ ಬಣ್ಣಕ್ಕೆ ತಿರುಗಿತು, ಅವನದು ತಿಳಿಯಾಗಿಯೇ ಉಳಿಯಿತು. "ನೀವು ದಿನಾ ಬಳಸುತ್ತಿರುವುದು ಇದನ್ನೇ ಮೇಡಂ" ಎಂದ. ಅತ್ತೆಯ ಮುಖ ಬಾಡಿಹೋಯಿತು. ನಾನು ಅವನ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ, "ಈಗ ಇನ್ನೊಮ್ಮೆ ಮಾಡಪ್ಪಾ" ಎಂದೆ. ಅದೂ ಕಂದಾಯಿತು. ಆ ಕೊಳೆ ನೀರಿನದಲ್ಲ, ಕರಗುತ್ತಿದ್ದ ಕಬ್ಬಿಣದ ಕಂಬಿಯದು. ಲವಣವಿರುವ ನೀರಿನಲ್ಲಿ ವಿದ್ಯುತ್ತು ಹರಿದು ಕಂಬಿ ತುಕ್ಕಾಗುತ್ತದೆ. ಲವಣ ತೀರಾ ಕಡಿಮೆಯಿದ್ದರೆ ಹರಿಯುವುದೇ ಇಲ್ಲ ಎನ್ನಬೇಕು. ಹುಡುಗ ಚೀಲ ಕಟ್ಟಿಕೊಂಡು ಹೊರಟ.

ಹಾಗೆಂದು ನಮ್ಮ ನೀರು ಒಳ್ಳೆಯದೆಂದು ವಾದಿಸುವುದಿಲ್ಲ. ಬಸವನಗುಡಿಯ ಬಾಡಿಗೆ ಮನೆಯಲ್ಲಿ ಕಾವೇರಿ ಕುಡಿದು ಬೆಳೆದವಳು ನಾನು. ಬೇಗೂರಿನ ಆಚೆ ಮನೆ ಕಟ್ಟಿ ಬಂದ ಮೇಲೆ ಬೋರ್‌ವೆಲ್ಲೇ ಗತಿ. ಬೆಂಗಳೂರಿಗೆ ಸೇರಿಕೊಂಡ 110 ಹಳ್ಳಿಗಳಿಗೆಂದು ಕಾವೇರಿ ನೀರಿನ ಯೋಜನೆಯ 5ನೇ ಹಂತಕ್ಕೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ಸಿಕ್ಕಿತು. ನಮ್ಮ ಸಂಪಿಗೆ ಅದರ ಹನಿ ಇನ್ನೂ ಬಿದ್ದಿಲ್ಲ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡ ನೀರು ನಮ್ಮ ಬೋರ್‌ವೆಲ್ಲಿನದು. ಪರೀಕ್ಷೆ ಮಾಡಿಸಿದಾಗ ಗಡಸುತನ ಲೀಟರಿಗೆ 540 ಮಿಲಿಗ್ರಾಂ ಬಂತು. ಭಾರತೀಯ ಮಾನಕದ ಪ್ರಕಾರ 200 ಇದ್ದರೆ ಚೆನ್ನ, ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಅಂದರೆ ನಾವು 'ಬೇರೆ ಗತಿಯಿಲ್ಲದವರ' ಪಟ್ಟಿಯಲ್ಲಿ ಪಾಸು.

ನನಗೆ ಸಿಟ್ಟು ಬರುವುದು ಗಡಸು ನೀರಿನ ಮೇಲಲ್ಲ, ಅದರ ಹೆಸರಿನಲ್ಲಿ ಮಾರುವ ಹೆದರಿಕೆಯ ಮೇಲೆ. ಮತ್ತೆ, ಮನೆಗೆಲ್ಲ ಒಂದೇ ನೀರು ಬೇಕೆಂಬ ನಮ್ಮ ಹಟದ ಮೇಲೆ. ಪಕ್ಕದ ಮನೆಯವರು ಇಡೀ ಮನೆಗೆ ಗಡಸುತನ ತೆಗೆಯುವ ಸಾಫ್ಟನರ್ ಹಾಕಿಸಿದರು. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಅಂಕಿ ಅಲ್ಲಾಡಿಲ್ಲ, ಮೋಸ ಹೋದೆವೆಂದು ಕೂಗಾಟ. ಮೋಸವೇನೂ ಇಲ್ಲ. ಸಾಫ್ಟನರ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತದೆ; ಕರಗಿದ ಲವಣದ ಒಟ್ಟು ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 500ರ ಗಡಸುತನ ಪೂರ್ತಿ ತೆಗೆದರೆ ಲೀಟರಿಗೆ ಸುಮಾರು 230 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ರಕ್ತದೊತ್ತಡ ಇರುವವರು ಅದನ್ನೇ ಕುಡಿಯುವುದು ಬೇಡ. ಗಿಡಕ್ಕೂ ಬೇಡ. ಅವರ ಕರಿಬೇವಿನ ಗಿಡ ಮೂರು ತಿಂಗಳಲ್ಲಿ ಒಣಗಿತು, ನನ್ನದು ಗಡಸು ನೀರು ಕುಡಿದು ಗುಂಡಗಿದೆ.

ಸಾಫ್ಟನರ್ ಬೇಡವೆನ್ನುತ್ತಿಲ್ಲ. ಗೀಸರ್‌ಗೆ, ಬಟ್ಟೆ ಒಗೆಯುವ ಯಂತ್ರಕ್ಕೆ ಹೋಗುವ ಕೊಳವೆಗೆ ಹಾಕಿಸಿ, ಸಾಕು. ಅದೂ ಆಗದಿದ್ದರೆ ಗೀಸರ್ ಬಿಸಿಯನ್ನು 50 ಡಿಗ್ರಿಗೆ ಇಳಿಸಿ. ನೀರು ಬಿಸಿಯಾದಷ್ಟೂ ಸುಣ್ಣದ ಪದರ ಬೇಗ ಕಟ್ಟುತ್ತದೆ. ಶವರ್‌ಗೆ ಒಂದು ರಾತ್ರಿ ವಿನೆಗರ್ ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿ. ಕೆಟಲ್ ಬುಡದ ಬಿಳಿ ಪೊರೆಗೆ ನಿಂಬೆ ಉಪ್ಪು ಹಾಕಿ ಕುದಿಸಿದರಾಯಿತು. ಇವನ್ನು ಬ್ಲೀಚ್ ಜೊತೆ ಮಾತ್ರ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಅತ್ತೆಯ ಊರು ಕೊರಟಗೆರೆ ಕಡೆ. ಅಲ್ಲಿ ಎರಡು ಬಾವಿ ಇದ್ದವಂತೆ. ಮನೆ ಪಕ್ಕದ್ದು ಸವಳು, ಪಾತ್ರೆ, ದನ, ಬಟ್ಟೆಗೆ. ದೂರದ್ದು ಸಿಹಿ, ಅಲ್ಲಿಂದ ದಿನಕ್ಕೆ ಎರಡು ಕೊಡ ಹೊತ್ತು ತರುತ್ತಿದ್ದರು. ಅದಕ್ಕೆ ಹೆಸರೇ 'ಬೇಳೆ ನೀರು'. ಎಷ್ಟು ಸರಿಯಾದ ಹೆಸರು! ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಎಂಬ ಅಂಟಿಗೆ ಅಂಟಿಕೊಂಡು ಅದನ್ನು ಬಿಗಿಮಾಡುತ್ತದೆ, ಎಷ್ಟು ಸೀಟಿ ಕೂಗಿಸಿದರೂ ತೊಗರಿ ಕಲ್ಲುಕಲ್ಲು. ಸೋಡಾ ಹಾಕಿದರೆ ಬೇಯುತ್ತದೆ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ, ಸಾರಿಗೂ ಒಂದು ಥರದ ವಾಸನೆ.

ನಮ್ಮ ಮನೆಯ ಬೇಳೆ ನೀರು ತಾರಸಿಯ ಮೇಲೆ ಬೀಳುತ್ತದೆ. ಮಳೆ ನೀರಿಗಿಂತ ಮೆದುವಾದ ನೀರನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಸುರಿಯುತ್ತದೆ, 30x40 ಅಡಿಯ ತಾರಸಿಯ ಮೇಲೆ ಬೀಳುವುದು ಸುಮಾರು ಒಂದು ಲಕ್ಷ ಲೀಟರ್. ಮಳೆ ಕೊಯ್ಲಿನ ನಿಯಮ 2009ರಿಂದ ಇದೆ. ನಮ್ಮ ಬೀದಿಯಲ್ಲಿ ಅನೇಕರ ಪಾಲಿಗೆ ಅದು ನಕ್ಷೆಯಲ್ಲಿ ಎಳೆದ ಒಂದು ಗೆರೆ. ನಾವು ಮೊದಲ ಹತ್ತು ನಿಮಿಷದ ಮಳೆಯನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ 500 ಲೀಟರಿನ ಎರಡು ಡ್ರಮ್ಮಿಗೆ ತುಂಬುತ್ತೇವೆ, ಬಿಸಿಲು ತಾಗದಂತೆ ಮುಚ್ಚಿಡುತ್ತೇವೆ. ಬೇಳೆ ಬೇಯಿಸುವುದಕ್ಕೆ, ತಲೆಗೆ ಸೀಗೆಕಾಯಿ ಹಾಕುವ ದಿನಕ್ಕೆ ಅದೇ ನೀರು. ಉಳಿದ ಕೆಲಸಕ್ಕೆಲ್ಲ ಬೋರ್‌ವೆಲ್.

ಹೋದ ತಿಂಗಳು ಇವರು ಅದೇ ಡ್ರಮ್ಮಿನಿಂದ ಎರಡು ಬಕೆಟ್ ಎತ್ತಿ ಕಾರು ತೊಳೆದುಬಿಟ್ಟರು. ಗಾಜಿನ ಮೇಲೆ ಬಿಳಿ ಕಲೆ ಉಳಿಯುವುದಿಲ್ಲ ಎಂಬುದು ಅವರ ಸಮರ್ಥನೆ. ಅತ್ತೆ ಮಗನೊಡನೆ ಎರಡು ದಿನ ಮಾತು ಬಿಟ್ಟರು. ಈಗ ಡ್ರಮ್ಮಿನ ಮುಚ್ಚಳಕ್ಕೆ ಬೀಗವಿದೆ, ಕೀಲಿ ಅವರ ಸೆರಗಿನಲ್ಲಿದೆ.